ಚಕ್ರದ ದೋಣಿ ಸೋತಿದ್ದು ಸಮುದ್ರದಲ್ಲಿ, ಹೊಳೆಯಲ್ಲಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಹಬೆದೋಣಿಗಳ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ‘ಪ್ರೊಪೆಲ್ಲರ್ ಬಂದ ಮೇಲೆ ಚಕ್ರದ ದೋಣಿಗಳು ಮೂಲೆ ಸೇರಿದವು’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಚಕ್ರದ ದೋಣಿ ಅಂದರೆ ಪಕ್ಕದಲ್ಲೋ ಹಿಂದೆಯೋ ಹಲಗೆ ಹೊಡೆದ ದೊಡ್ಡ ಚಕ್ರ ತಿರುಗಿಸಿ ನೀರು ತಳ್ಳಿ ಓಡುವಂಥದ್ದು; ಪ್ರೊಪೆಲ್ಲರ್ ಅಂದರೆ ಹಿಂಬದಿಯಲ್ಲಿ ನೀರಿನಡಿ ತಿರುಗುವ ರೆಕ್ಕೆ. ಸಮುದ್ರದ ಮಟ್ಟಿಗೆ ನಿಮ್ಮ ಮಾತು ಸರಿ. ಹೊಳೆಯ ಮಟ್ಟಿಗೆ ಅಲ್ಲ.

ಕಡಲಿನಲ್ಲಿ ಚಕ್ರ ಸೋತಿದ್ದು ಹೌದು. 1845ರಲ್ಲಿ ಬ್ರಿಟಿಷ್ ನೌಕಾಪಡೆ ಪ್ರೊಪೆಲ್ಲರ್ ಇದ್ದ ‘ರ‍್ಯಾಟ್ಲರ್’ ಮತ್ತು ಚಕ್ರ ಇದ್ದ ‘ಅಲೆಕ್ಟೋ’ ಹಡಗುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಎಳೆದಾಟಕ್ಕೆ ಬಿಟ್ಟಿತು. ರ‍್ಯಾಟ್ಲರ್ ಎದುರಾಳಿಯನ್ನು ಹಿಂದುಮುಂದಾಗಿ ಎಳೆದುಕೊಂಡು ಹೋಯಿತು. ಅಲೆಗೆ ಹಡಗು ವಾಲಿದರೆ ಒಂದು ಪಕ್ಕದ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಇನ್ನೊಂದು ಮುಳುಗುತ್ತದೆ. ಕಲ್ಲಿದ್ದಲು ಖರ್ಚಾದಂತೆ ಹಡಗು ಹಗುರಾಗಿ ಮೇಲೇಳುತ್ತದೆ, ಚಕ್ರಕ್ಕೆ ನೀರೇ ಸಾಲದು.

ಹೊಳೆಯ ಲೆಕ್ಕವೇ ಬೇರೆ. ಹೋದ ವರ್ಷ ನೆಂಟರನ್ನು ಕರೆದುಕೊಂಡು ನಮ್ಮ ಕಾರವಾರದ ಕಾಳಿ ಹೊಳೆಯಲ್ಲಿ ಬೋಟಿಂಗ್ ಹೋಗಿದ್ದೆ. ಇಳಿತದ ಹೊತ್ತು. ನಡುಹೊಳೆಯಲ್ಲಿ ಮರಳ ದಿಬ್ಬದ ಮೇಲೆ ಬೋಟು ಕೂತೇಬಿಟ್ಟಿತು. ಎಂಜಿನ್ ಒದರಿದ್ದೇ ಒದರಿದ್ದು, ಹಿಂದೆ ಕೆಸರು ಎದ್ದಿತು ಅಷ್ಟೇ. ಬೋಟಿನ ಹುಡುಗ ನೀರಿಗೆ ಹಾರಿದ. ಮೊಣಕಾಲೂ ಮುಳುಗಲಿಲ್ಲ! ಪ್ರೊಪೆಲ್ಲರಿಗೆ ಬಲೆಯ ತುಂಡು ಸುತ್ತಿಕೊಂಡಿತ್ತು. ಕತ್ತಿಯಿಂದ ಒಂದೊಂದೇ ಎಳೆ ಕುಯ್ದು ತೆಗೆದ. ಆಮೇಲೆ ಉಬ್ಬರ ಬರುವ ತನಕ ಒಂದೂವರೆ ತಾಸು ಬಿಸಿಲಲ್ಲಿ ಕೂತೆವು. ನೆಂಟರು ಇವತ್ತಿಗೂ ಆ ಮಾತೆತ್ತಿ ನಗುತ್ತಾರೆ.

ಪ್ರೊಪೆಲ್ಲರ್ ಪೂರ್ತಿ ಮುಳುಗಿರಬೇಕು, ಅದಕ್ಕೆ ಆಳ ಬೇಕು. ಚಕ್ರಕ್ಕೆ ಕೆಳಗಿನ ನಾಲ್ಕಾರು ಹಲಗೆ ನೀರಿನಲ್ಲಿ ಅದ್ದಿದರೆ ಸಾಕು. ದೋಣಿಯ ತಳ ತಟ್ಟೆಯಂತೆ ಚಪ್ಪಟೆ ಇಡಬಹುದು. ಹಲಗೆ ಮುರಿದರೆ ದಡಕ್ಕೆ ಕಟ್ಟಿ ಬಡಗಿಯಿಂದ ಬೇರೆ ಹಾಕಿಸಬಹುದು. ಅಮೆರಿಕದ ಹಡ್ಸನ್ ನದಿಯಲ್ಲಿ 1807ರಲ್ಲಿ ರಾಬರ್ಟ್ ಫುಲ್ಟನ್ ಎಂಬ ಎಂಜಿನಿಯರ್ ಓಡಿಸಿದ್ದೂ ಚಕ್ರದ ದೋಣಿಯೇ. ನಮ್ಮ ದೇಶದಲ್ಲಿ 1823ರಲ್ಲಿ ಕಲ್ಕತ್ತೆಯಲ್ಲಿ ನೀರಿಗಿಳಿದ ‘ಡಯಾನಾ’ ಕೂಡ ಅದೇ ಜಾತಿಯದು. ಮರುವರ್ಷವೇ ಅದು ಬರ್ಮಾ ಯುದ್ಧಕ್ಕೆ ಹೋಗಿ ಐರಾವತಿ ನದಿ ಹತ್ತಿತು. ರ‍್ಯಾಟ್ಲರ್ ಗೆದ್ದು ಎಂಬತ್ತು ವರ್ಷ ಕಳೆದ ಮೇಲೂ, ಅಂದರೆ 1920ರ ದಶಕದಲ್ಲೂ, ಕಲ್ಕತ್ತೆಯ ಗಾರ್ಡನ್ ರೀಚಿನಲ್ಲಿ ‘ಆಸ್ಟ್ರಿಚ್’, ‘ಮಹಸೂದ್’ ಎಂಬ ಚಕ್ರದ ಸ್ಟೀಮರುಗಳನ್ನು ಕಟ್ಟಿದರು. ಮುಂದೆ ಇವು ಬಾಂಗ್ಲಾದೇಶದ ಹೊಳೆಗಳಲ್ಲಿ ‘ರಾಕೆಟ್’ ಅನ್ನೋ ಹೆಸರಲ್ಲಿ ಓಡಿದವು. ಹಬೆ ಹೋಗಿ ಡೀಸೆಲ್ ಬಂತು, ಚಕ್ರ ಮಾತ್ರ ಹಾಗೇ ಉಳಿಯಿತು. ಮೂಲೆ ಸೇರುವುದು ಅಂದರೆ ಇದೇನಾ?

ಕಾರವಾರದ ಓದುಗರಿಗೆ ಇನ್ನೊಂದು ವಿಷಯ ಹೇಳಬಹುದಿತ್ತು. ನಮ್ಮ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದು ಉಳಿದಿದ್ದರು, ಬೆಳದಿಂಗಳಲ್ಲಿ ಕಾಳಿಯಲ್ಲಿ ದೋಣಿ ಹತ್ತಿ ಹೋಗಿದ್ದರು. ಇದು ಇಲ್ಲಿಯ ಮಕ್ಕಳಿಗೂ ಗೊತ್ತು. ಇನ್ನೊಬ್ಬ ಅಣ್ಣ ಜ್ಯೋತಿರಿಂದ್ರನಾಥರದು ಸ್ಟೀಮರ್ ಹುಚ್ಚು. ಹರಾಜಿನಲ್ಲಿ ಏಳು ಸಾವಿರ ರೂಪಾಯಿಗೆ ಹಡಗಿನ ಬರೀ ಖೋಲು ಕೊಂಡು, ಎಂಜಿನ್ ಕೂರಿಸಿ, ‘ಸರೋಜಿನಿ’ ಅಂತ ಹೆಸರಿಟ್ಟು 1884ರಲ್ಲಿ ಈಗಿನ ಬಾಂಗ್ಲಾದೇಶದ ಬಾರಿಸಾಲ್ ಕಡೆ ಓಡಿಸಿದರು. ಎದುರಿಗೆ ಇಂಗ್ಲಿಷರ ಕಂಪನಿ. ಪೈಪೋಟಿ ಎಲ್ಲಿಗೆ ಮುಟ್ಟಿತೆಂದರೆ ಜನ ಟಿಕೆಟ್ಟಿಲ್ಲದೆ ಹತ್ತಿದರು, ಮೇಲೆ ಪುಕ್ಕಟೆ ಮಿಠಾಯಿಯೂ ಸಿಕ್ಕಿತು. ಲಾಭ? ಕೇಳಬೇಡಿ. ಕೊನೆಗೆ ಅವರ ಇನ್ನೊಂದು ಹಡಗು ‘ಸ್ವದೇಶಿ’ ಹೌರಾ ಸೇತುವೆಗೆ ಬಡಿದು ಮುಳುಗಿತು, ವ್ಯಾಪಾರವೂ ಅದರ ಜೊತೆಗೇ ಹೋಯಿತು.

ನಮ್ಮ ಕಡೆ ಅಜ್ಜ-ಅಜ್ಜಿಯರ ಬಾಯಲ್ಲಿ ಸ್ಟೀಮರ್ ಅಂದರೆ ‘ಆಗಬೋಟು’. ಅವರು ಹೇಳುತ್ತಿದ್ದದ್ದು ಮುಂಬೈಯಿಂದ ಬರುತ್ತಿದ್ದ ಕಡಲ ಹಡಗಿನ ಕಥೆ. ಹೊನ್ನಾವರದ ಅಳಿವೆಯಲ್ಲಿ ಹೂಳು, ಹಾಗಾಗಿ ಅದು ಹೊರಗೇ ನಿಲ್ಲುತ್ತಿತ್ತಂತೆ. ಗಂಟು, ಟ್ರಂಕು, ಕೂಸು ಎಲ್ಲ ಸಣ್ಣ ದೋಣಿಗೆ ಇಳಿಯಬೇಕು. ಇಳಿಯುವಾಗ ನಮ್ಮಜ್ಜಿಯ ಒಂದು ಹಿತ್ತಾಳೆ ಚೊಂಬು ಸಮುದ್ರದ ಪಾಲಾಗಿತ್ತು. ಸಾಯುವ ತನಕ ಅದನ್ನೇ ಹೇಳುತ್ತಿದ್ದಳು. ಒಳಗಿನ ಹೊಳೆಗೆಲ್ಲ ಮಚವೆ (ಹಾಯಿಯ ಸರಕು ದೋಣಿ), ಪಾತಿದೋಣಿ (ಸಣ್ಣ ದೋಣಿ), ತಾರಿ (ಹೊಳೆ ದಾಟಿಸುವ ದೋಣಿ). ಕಾಳಿಗೆ ಸೇತುವೆ ಬರುವ ತನಕ ಕಾರವಾರ ಬದಿಯ ಕೋಡಿಬಾಗದಿಂದ ಎದುರು ದಡದ ಸದಾಶಿವಗಡಕ್ಕೆ ತಾರಿಯೇ ಗತಿ. ಆ ಸೇತುವೆಯೂ 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ, ಕುಸಿದುಬಿತ್ತು.

ಕಡಲತೀರದಲ್ಲಿ ‘ಚಾಪೆಲ್’ ಯುದ್ಧನೌಕೆಯನ್ನು ದಡಕ್ಕೇರಿಸಿ ಮ್ಯೂಸಿಯಂ ಮಾಡಿದ್ದಾರೆ. ಮಕ್ಕಳು ಹತ್ತಿ ಇಳಿದು ಖುಷಿಪಡುತ್ತಾರೆ, ಒಳ್ಳೆಯದೇ. ಅದರ ಪಕ್ಕ ಒಂದು ಮಚವೆ, ಒಂದು ತಾರಿ ದೋಣಿ ಇಡಲು ಜಾಗ ಜಾಸ್ತಿ ಬೇಕಿಲ್ಲ ಅಲ್ವಾ? ಹಾಗೆಯೇ ನಿಮ್ಮ ಪುರವಣಿಯವರಿಗೆ ಒಂದು ವಿನಂತಿ. ಮುಂದಿನ ಸಲ ಹೊಳೆ-ದೋಣಿಯ ಬಗ್ಗೆ ಬರೆಯುವಾಗ ಕೋಡಿಬಾಗಕ್ಕೆ ಒಬ್ಬರನ್ನು ಕಳಿಸಿ. ತಾರಿಗೆ ಹುಟ್ಟು ಹಾಕಿದ ಕೈಗಳು ಇನ್ನೂ ಇವೆ. ದೋಣಿಯಲ್ಲೇ ಕೂರಿಸಿಕೊಂಡು ತೋರಿಸುತ್ತಾರೆ. ಸುಮ್ನೆ ಯಾವಾಗಲೋ ಬರುವುದು ಬೇಡ, ಉಬ್ಬರದ ಹೊತ್ತು ಕೇಳಿಕೊಂಡು ಬರಲಿ.

— ಸದಾಶಿವಗಡದ ಓದುಗ, ಕಾರವಾರ