ಪ್ರಯೋಗ ಇಲಿಗೆ, ಗಾಬರಿ ಬಸುರಿಗೆ

ಮಾನ್ಯ ಸಂಪಾದಕರೇ,

ಬಸುರಿ ತಿಂದದ್ದೇ ಮಗುವಿನ ಕರುಳಿನ ಹಣೆಬರಹ ಅನ್ನುವ ಧಾಟಿಯಲ್ಲಿ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಏಳು ತಿಂಗಳ ಬಸುರಿ ನನ್ನ ನಾದಿನಿಯೂ ಓದಿದಳು. ಓದಿದ್ದೇ ತಡ, ಯಾವತ್ತೋ ತಿಂದ ಚಿಪ್ಸ್ ಪ್ಯಾಕೆಟ್ ನೆನೆಸಿಕೊಂಡು ಮುಖ ಸಣ್ಣ ಮಾಡಿಕೊಂಡು ಕೂತಳು.

ವಿಷಯ ಸುಳ್ಳೇನಲ್ಲ. ಕಾಳು, ಸೊಪ್ಪು, ಹಣ್ಣಿನ ನಾರು ನಮಗೆ ಜೀರ್ಣವಾಗುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಅಸಿಟೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ, ಅದರಲ್ಲಿ ಸ್ವಲ್ಪ ತಾಯಿಯ ರಕ್ತ ಸೇರಿ ಮಾಸು ದಾಟಿ ಮಗುವಿಗೂ ಹೋಗುತ್ತದೆ. 2016ರ ಒಂದು ಪ್ರಯೋಗ ನನಗೆ ತುಂಬಾ ಹಿಡಿಸಿತು. ಬ್ಯಾಕ್ಟೀರಿಯಾವೇ ಸೋಕದಂತೆ ಬೆಳೆಸಿದ ಗಬ್ಬದ ಇಲಿಗಳಿಗೆ ಕೆಲವೇ ದಿನ ಉಳಿಯುವ ಬ್ಯಾಕ್ಟೀರಿಯಾ ಕೊಟ್ಟರು. ಮರಿ ಹಾಕುವ ಹೊತ್ತಿಗೆ ಅವು ಇರಲೇ ಇಲ್ಲ. ಆದರೂ ಮರಿಗಳ ಕರುಳಿನಲ್ಲಿ ಕೆಲವು ಬಗೆಯ ರೋಗನಿರೋಧಕ ಕಣಗಳು ಜಾಸ್ತಿಯಾಗಿದ್ದವು! ದಾಟಿದ್ದು ಬ್ಯಾಕ್ಟೀರಿಯಾ ಅಲ್ಲ, ಅವುಗಳಿಂದ ಬಂದ ಪದಾರ್ಥ.

ಆದರೆ ಅದು ಇಲಿ ಅಲ್ವಾ? ನಿಮ್ಮ ಲೇಖನದಲ್ಲಿ ಆ ಪದ ಬಂದಿದ್ದು ಒಂದೇ ಸಲ, ಅದೂ ಕೊನೆಯ ಪ್ಯಾರಾದಲ್ಲಿ. ಮನುಷ್ಯರಲ್ಲಿ ಸಿಕ್ಕಿರುವುದು ಇನ್ನೂ ತೆಳು. ಜಾಸ್ತಿ ಕೊಬ್ಬು ತಿಂದ ತಾಯಂದಿರ ಶಿಶುಗಳಲ್ಲಿ ಬ್ಯಾಕ್ಟೀರಾಯ್ಡಿಸ್ ಎಂಬ ಕರುಳಿನ ಬ್ಯಾಕ್ಟೀರಿಯಾ ಗುಂಪು ಒಂದೂವರೆ ತಿಂಗಳವರೆಗೂ ಕಡಿಮೆ ಇತ್ತು ಎಂದು ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ಹೇಳಿತು. ಕಡಿಮೆ ಇತ್ತು, ಅಷ್ಟೇ. ಅದರಿಂದ ಕಾಯಿಲೆ ಬಂತು ಅಂತ ಅದು ಹೇಳಲಿಲ್ಲ.

ಮಾಸಿನಲ್ಲೇ ಬ್ಯಾಕ್ಟೀರಿಯಾದ ಸಂಸಾರವಿದೆ ಅಂತಲೂ ಬರೆದಿದ್ದೀರಿ. 2014ರಲ್ಲಿ ಹಾಗೆ ಸುದ್ದಿಯಾಗಿದ್ದು ನಿಜ. 2019ರಲ್ಲಿ 500ಕ್ಕೂ ಹೆಚ್ಚು ಹೆರಿಗೆಗಳ ಮಾಸು ಪರೀಕ್ಷಿಸಿದವರು, ಕಂಡದ್ದರಲ್ಲಿ ಬಹುಪಾಲು ಹೆರಿಗೆಯ ವೇಳೆ ಅಥವಾ ಲ್ಯಾಬ್ ಸಾಮಗ್ರಿಯಿಂದ ಅಂಟಿದ್ದು ಎಂದರು. ಅದು ಲೇಖನದಲ್ಲಿ ಇಲ್ಲವೇ ಇಲ್ಲ.

ಹೆರಿಗೆ ಹೇಗಾಯಿತು, ಎದೆಹಾಲು ಸಿಕ್ಕಿತೇ, ಆಂಟಿಬಯೋಟಿಕ್ ಕೊಟ್ಟರೇ, ಇವೆಲ್ಲ ಸೇರಿ ಮಗುವಿನ ಕರುಳು ಒಂದು ಹದಕ್ಕೆ ಬರಲು ಎರಡು ಮೂರು ವರ್ಷ ಬೇಕು. ಎಲ್ಲವನ್ನೂ ಬಸುರಿಯ ತಟ್ಟೆಗೇ ಸುರಿದರೆ ಹೇಗೆ? ನೀರು ಕುಡಿದರೂ ವಾಂತಿಯಾಗುವವಳಿಗೆ ಇಷ್ಟು ನಾರು ತಿನ್ನು ಅಂತ ಯಾರು ಹೇಳುತ್ತಾರೆ? ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 25 ಗ್ರಾಂ ನಾರು ದೊಡ್ಡವರೆಲ್ಲರಿಗೂ, ಗಂಡನಿಗೂ ಸೇರಿ.

ಮುಂದಿನ ಸಲ ಇಂಥ ಸುದ್ದಿ ಹಾಕುವಾಗ ಪ್ರಯೋಗ ಯಾರ ಮೇಲೆ ನಡೆದದ್ದು ಅಂತ ತಲೆಬರಹದಲ್ಲೇ ಹಾಕಿ. ಮಾಸಿನ ವಿಚಾರಕ್ಕೆ ಒಂದು ತಿದ್ದುಪಡಿಯೂ ಬರಲಿ.

– ನಿಮ್ಮ ಓದುಗರಲ್ಲೊಬ್ಬರು