ಮಂಜನಿಗೆ, ನಮ್ಮ ಓಟ ಯಾಕೆ ನಿಂತಿತು ಅಂತ

ಕೊಲಂಬಸ್, ಒಹಾಯೊ
ಡಿಸೆಂಬರ್ 15, 2024

ಪ್ರೀತಿಯ ಮಂಜ,

ನಿನ್ನ ಮೆಸೇಜ್‌ಗೆ ಇನ್ನೂ ಉತ್ತರ ಕೊಟ್ಟಿಲ್ಲ ಅಂತ ಗ್ರೂಪಿನಲ್ಲಿ ಎಲ್ಲರ ಮುಂದೆ ಹೇಳಿದೆಯಲ್ಲ, ಅದಕ್ಕೇ ಉತ್ತರವನ್ನೂ ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ. 13-10. ಹೌದು ಮಾರಾಯ, ಸೋತೆವು. ನವೆಂಬರ್ 30ರ ಕಾಲೇಜು ಫುಟ್‌ಬಾಲ್ ಪಂದ್ಯದಲ್ಲಿ ನಿಮ್ಮ ಮಿಶಿಗನ್ ಯೂನಿವರ್ಸಿಟಿ ತಂಡ ಸತತ ನಾಲ್ಕನೇ ವರ್ಷ ನಮ್ಮ ಒಹಾಯೊ ಸ್ಟೇಟನ್ನು ಸೋಲಿಸಿತು. ಅದೂ ನಮ್ಮ ಸ್ಟೇಡಿಯಂನಲ್ಲಿ, ಲಕ್ಷಕ್ಕೂ ಮೀರಿದ ಜನರ ಎದುರು. ಆಟ ಮುಗಿದ ಮೇಲೆ ನಿಮ್ಮವರು ನಡುಮೈದಾನದಲ್ಲಿ ಬಾವುಟ ನೆಡಲು ಹೋದದ್ದು, ತಳ್ಳಾಟ, ಪೊಲೀಸರ ಪೆಪ್ಪರ್ ಸ್ಪ್ರೇ, ಇದರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ನೀನು ಕೇಳಿದ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. "ಅಂಥ ಇಬ್ಬರು ಓಟಗಾರರನ್ನು ಇಟ್ಟುಕೊಂಡು ಮೂರು ಯಾರ್ಡ್ ಓಡೋಕೆ ಯಾಕೋ ಅಷ್ಟು ಒದ್ದಾಡಿದ್ರಿ?" ಅಂದೆ. ಸುಮ್ನೆ ಚುಚ್ಚಲು ಕೇಳಿದ್ದು ಅಂತ ಗೊತ್ತು. ಆದರೆ ಪ್ರಶ್ನೆ ಸರಿಯಾಗಿದೆ.

ಊರಲ್ಲಿ ಕುಳಿತು ಇದನ್ನು ಓದುತ್ತಿರುವವರಿಗೆ ಒಂದೆರಡು ಮಾತು. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಅಮೆರಿಕದವರ ಫುಟ್‌ಬಾಲ್. ಹತ್ತು ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಚೆಂಡನ್ನು ಎಸೆಯಬಹುದು, ಇಲ್ಲವೇ ರನ್ನಿಂಗ್ ಬ್ಯಾಕ್ ಕೈಗೆ ಕೊಟ್ಟು ಓಡಿಸಬಹುದು. ಓಡುವವನಿಗೆ ದಾರಿ ಮಾಡಿಕೊಡುವವರು ಮುಂದೆ ಸಾಲಾಗಿ ಬಾಗಿ ನಿಲ್ಲುವ ಐದು ಜನ. ನಡುವೆ ಸೆಂಟರ್, ಅವನ ಎರಡು ಪಕ್ಕ ಗಾರ್ಡ್, ಅವರಾಚೆ ಟ್ಯಾಕಲ್. ಸೆಂಟರ್ ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಡುತ್ತಾನೆ, ಅದು ಬಿಟ್ಟರೆ ಈ ಐವರು ಚೆಂಡು ಮುಟ್ಟುವುದೇ ಅಪರೂಪ. ಟಿ.ವಿ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಇವರನ್ನು ನೋಡುವವರು ಅವರ ಅಪ್ಪ ಅಮ್ಮಂದಿರು ಮಾತ್ರ.

ಈಗ ಲೆಕ್ಕ. ಆ ಶನಿವಾರ ನಾವು 26 ಸಲ ಓಡಿ ಗಳಿಸಿದ್ದು 77 ಯಾರ್ಡ್. ಓಲ್ ಮಿಸ್ ಯೂನಿವರ್ಸಿಟಿಯಿಂದ ಬಂದ ಕ್ವಿನ್ಶಾನ್ ಜಡ್ಕಿನ್ಸ್ 12 ಸಲಕ್ಕೆ 46. ನಮ್ಮ ಟ್ರವೇಯಾನ್ ಹೆಂಡರ್ಸನ್, ಸ್ವಲ್ಪ ಜಾಗ ಸಿಕ್ಕರೆ ಯಾರ ಕೈಗೂ ಸಿಗದ ಹುಡುಗ, 10 ಸಲಕ್ಕೆ 21. ಅದೇ ಹೊತ್ತಿಗೆ ನಿಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನು, ಇಡೀ ಆಟದಲ್ಲಿ ಎಸೆದು ಗಳಿಸಿದ್ದು 62 ಯಾರ್ಡ್ ಅಷ್ಟೇ. ನೀವು ಗೆದ್ದಿದ್ದು ಕಲೆಲ್ ಮಲ್ಲಿಂಗ್ಸ್ ಓಡಿದ 116 ಯಾರ್ಡ್‌ನಿಂದ. ನಾವು ಎಡವಿದ ಕೆಲಸವನ್ನೇ ನೀವು ಮಾಡಿ ತೋರಿಸಿದಿರಿ.

ಇಲ್ಲಿ ಎಲ್ಲರೂ ಕೋಚ್ ರಯನ್ ಡೇಗೆ ಬೈಯುತ್ತಿದ್ದಾರೆ. ಆಫೀಸಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಕೊನೆಗೆ ನಮ್ಮ ದಂತವೈದ್ಯರೂ ನನ್ನ ಬಾಯಿ ತೆರೆಸಿ ಇಟ್ಟುಕೊಂಡೇ ಬೈದರು. ಬೈಗುಳದಲ್ಲಿ ಸತ್ಯ ಇಲ್ಲದೇ ಇಲ್ಲ. ಆದರೆ ಕತೆ ಅಲ್ಲಿಂದ ಶುರುವಾಗುವುದಿಲ್ಲ.

ನವೆಂಬರ್ 2ರ ಪೆನ್ ಸ್ಟೇಟ್ ಪಂದ್ಯ ನೆನಪಿದೆಯಾ? ನೀನೂ ನೋಡಿದ್ದೆ, ಫೋನಿನಲ್ಲಿ ಮಾತಾಡಿದ್ದೆವು. 20-13ರಿಂದ ಮುಂದಿದ್ದೆವು. ನಮ್ಮದೇ ಗೋಲ್ ಗೆರೆಯ ಹತ್ತಿರ ಅವರನ್ನು ತಡೆದು ಚೆಂಡು ಪಡೆದೆವು. ಆಟ ಮುಗಿಯಲು ಇನ್ನೂ ಐದು ನಿಮಿಷದ ಮೇಲಿತ್ತು. ಅಲ್ಲಿಂದಾಚೆಗೆ ನಮ್ಮವರು ಒಂದೇ ಒಂದು ಪಾಸ್ ಎಸೆಯದೆ, ಬರೀ ಓಡಿ ಓಡಿ ಉಳಿದ ಸಮಯ ಮುಗಿಸಿದರು. ಎದುರಿನವರಿಗೆ ಚೆಂಡು ವಾಪಸ್ ಸಿಗಲೇ ಇಲ್ಲ. ಓಟ ಬರುತ್ತದೆ ಅಂತ ಸ್ಟೇಡಿಯಂಗೆಲ್ಲ ಗೊತ್ತು, ಆದರೂ ತಡೆಯಲು ಆಗಲಿಲ್ಲ. ನಾಲ್ಕು ವಾರದ ನಂತರ ಅದೇ ಓಟಗಾರರು, ಅದೇ ಕೋಚು, 77 ಯಾರ್ಡ್.

ನಡುವೆ ಆದದ್ದು ಇಷ್ಟು. ಎಡ ಟ್ಯಾಕಲ್ ಜಾಶ್ ಸಿಮನ್ಸ್ ಅಕ್ಟೋಬರ್ 12ರಂದೇ ಆರೆಗನ್‌ನಲ್ಲಿ ಮಂಡಿ ಪೆಟ್ಟು ಮಾಡಿಕೊಂಡು ಸೀಸನ್ ಕಳೆದುಕೊಂಡಿದ್ದ. ಅವನ ಜಾಗಕ್ಕೆ ಕೊನೆಗೆ ಎಡ ಗಾರ್ಡ್ ಡಾನವನ್ ಜಾಕ್ಸನ್‌ನನ್ನು ಸರಿಸಿದರು. ಅಲ್ಲಿಗೆ ಒಂದು ಪೆಟ್ಟಿಗೆ ಎರಡು ಜಾಗ ಅಲುಗಾಡಿದವು. ಆದರೂ ನಡುವಿನ ಸೆಂಟರ್ ಸೆತ್ ಮೆಕ್‌ಲಾಕ್ಲಿನ್ ಇದ್ದ, ಅಲಬಾಮಾದಿಂದ ಬಂದವನು. ಪೆನ್ ಸ್ಟೇಟ್ ಪಂದ್ಯದಲ್ಲಿ ಎಲ್ಲರನ್ನೂ ಹಿಡಿದು ನಿಲ್ಲಿಸಿದ್ದು ಅವನೇ. ಇಂಡಿಯಾನಾ ಪಂದ್ಯದ ವಾರ, ಅಭ್ಯಾಸದಲ್ಲಿ, ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯುರಜ್ಜಿಗೆ ಪೆಟ್ಟಾಯಿತು. ಅವನ ಸೀಸನ್ನೂ ಮುಗಿಯಿತು. ಕಾರ್ಸನ್ ಹಿಂಜ್‌ಮನ್ ಸೆಂಟರ್‌ಗೆ ಬಂದ. ಸೀಸನ್‌ಗೆ ಅಂತ ಜೋಡಿಸಿಟ್ಟಿದ್ದ ಎಡಭಾಗದ ಮೂರು ಜಾಗದಲ್ಲಿ ಮೂರೂ ಬದಲಾಗಿ ಹೋಗಿದ್ದವು.

ದೇಶದ ಅತ್ಯುತ್ತಮ ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಟ್ರೋಫಿ ಈ ಸಲ ಮೆಕ್‌ಲಾಕ್ಲಿನ್‌ಗೇ ಬಂದಿದೆ, ಗೊತ್ತಾ? ಟ್ರೋಫಿ ಬರುವ ಹೊತ್ತಿಗೆ ಹುಡುಗ ಆಡುವ ಸ್ಥಿತಿಯಲ್ಲಿಲ್ಲ.

ಸೆಂಟರ್ ಹೋದರೆ ಏನು ಹೋಗುತ್ತದೆ ಅನ್ನುವುದು ನಿನಗೆ ಬೇಗ ಅರ್ಥವಾಗುತ್ತದೆ. ಕಬಡ್ಡಿಯಲ್ಲಿ ನೀನು ಎಡ ಕಾರ್ನರ್‌ನಲ್ಲಿ ನಿಂತು ಪಕ್ಕದವನ ಕೈ ಹಿಡಿದು ಚೈನ್ ಹಾಕುತ್ತಿದ್ದೆಯಲ್ಲ. ಪಕ್ಕದವನು ಬದಲಾದ ದಿನ ನೀನು ಅಷ್ಟೇ ಗಟ್ಟಿ, ಅವನೂ ಅಷ್ಟೇ ಗಟ್ಟಿ, ಆದರೂ ಚೈನ್ ಅರ್ಧ ಕ್ಷಣ ತಡ. ರೇಡರ್‌ಗೆ ಅಷ್ಟು ಸಾಕು. ಇಲ್ಲೂ ಹಾಗೇ. ಗಾರ್ಡ್ ಮತ್ತು ಸೆಂಟರ್ ಇಬ್ಬರೂ ಸೇರಿ ಎದುರಿನ ದೊಡ್ಡ ಆಳನ್ನು ಹೆಗಲಿನಿಂದ ತಳ್ಳುತ್ತಾರೆ. ಆಮೇಲೆ ಒಬ್ಬ ಅವನನ್ನು ಬಿಟ್ಟು ಹಿಂದೆ ನಿಂತಿರುವ ಲೈನ್‌ಬ್ಯಾಕರ್ ಕಡೆ ಹೋಗಬೇಕು. ಯಾವಾಗ ಬಿಡಬೇಕು ಅಂತ ಯಾರೂ ಕೂಗಿ ಹೇಳುವುದಿಲ್ಲ. ಪಕ್ಕದವನ ಹೆಗಲ ಭಾರ ಹೇಳುತ್ತದೆ. ಬೇಗ ಬಿಟ್ಟರೆ ದೊಡ್ಡ ಆಳು ಇಬ್ಬರ ನಡುವೆ ನುಗ್ಗುತ್ತಾನೆ. ತಡವಾಗಿ ಬಿಟ್ಟರೆ ಲೈನ್‌ಬ್ಯಾಕರ್ ಸಂದಿಗೆ ಬಂದು ನಿಂತಿರುತ್ತಾನೆ. ಇದು ಪಕ್ಕಪಕ್ಕ ತಿಂಗಳುಗಟ್ಟಲೆ ನಿಂತವರಿಗೆ ಬರುವ ವಿದ್ಯೆ.

ಅಂಥ ಹೊಸ ಜೋಡಿಯ ಎದುರು ನೀವು ನಿಲ್ಲಿಸಿದ್ದು ಯಾರನ್ನು? ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್. ಇಬ್ಬರೂ ತಂಡದ ಪಟ್ಟಿಯ ಪ್ರಕಾರ 140 ಕೆ.ಜಿ. ದಾಟಿದವರು, ಮೇಲಾಗಿ ಚುರುಕು. ಪಂದ್ಯವನ್ನು ಮತ್ತೆ ಹಾಕಿಕೊಂಡು ಚೆಂಡನ್ನು ಬಿಟ್ಟು ಈ ಇಬ್ಬರನ್ನೇ ನೋಡಿದೆ. ಎಷ್ಟೋ ಸಲ ಹೆಂಡರ್ಸನ್ ಕೈಗೆ ಚೆಂಡು ಬರುವಷ್ಟರಲ್ಲಿ ಅವನ ದಾರಿಯಲ್ಲಿ ಇವರಲ್ಲಿ ಒಬ್ಬ ನಿಂತಾಗಿತ್ತು. ಆ ಹುಡುಗ ಓಡುವುದಾದರೂ ಎಲ್ಲಿಗೆ?

ಇಲ್ಲಿಗೆ ಬಂದರೆ ನನಗೂ ಕೋಚ್ ಮೇಲೆ ಸಿಟ್ಟು ಬರುತ್ತದೆ. ನಡುವೆ ಗೋಡೆ ಇದೆ ಅಂತ ಮೊದಲರ್ಧದಲ್ಲೇ ಕಾಣುತ್ತಿತ್ತು. ಪಾಸ್ ತಡೆಯುವ ನಿಮ್ಮ ವಿಲ್ ಜಾನ್ಸನ್ ಬೇರೆ ಪೆಟ್ಟಾಗಿ ಆಡುತ್ತಿರಲಿಲ್ಲ. ಎಸೆದ ಚೆಂಡು ಹಿಡಿಯಲು ನಮ್ಮ ಹತ್ತಿರ ಜೆರಮಾಯಾ ಸ್ಮಿತ್, ಎಮೆಕಾ ಇಬೂಕಾ, ಕಾರ್ನೆಲ್ ಟೇಟ್ ಇದ್ದಾರೆ. ನಾಲ್ಕರಲ್ಲಿ ಮೊದಲ ಅವಕಾಶದಲ್ಲೇ ಅವರಿಗೆ ಎಸೆದಿದ್ದರೆ ನಿಮ್ಮವರು ಹಿಂದೆ ಸರಿಯಬೇಕಾಗುತ್ತಿತ್ತು, ಆಗ ಓಟಕ್ಕೂ ಜಾಗ ಸಿಗುತ್ತಿತ್ತು. ಅದರ ಬದಲು ಮತ್ತೆ ಮತ್ತೆ ಅದೇ ನಡುವಿಗೆ ನುಗ್ಗಿಸಿದರು. ಮಿಶಿಗನ್ ಎದುರು ಗಟ್ಟಿತನ ತೋರಿಸಬೇಕು ಅನ್ನುವ ಹಟ ಅದು. ಮೂರು ವರ್ಷ ಸೋತವರಿಗೆ ಆ ಹಟ ಬರುವುದು ನನಗೆ ಅರ್ಥವಾಗುತ್ತದೆ, ಆದರೆ ಅದರ ಬೆಲೆ ತೆತ್ತವರು ಆ ಐದು ಹುಡುಗರು. ಕ್ವಾರ್ಟರ್‌ಬ್ಯಾಕ್ ವಿಲ್ ಹವರ್ಡ್ ಎರಡು ಸಲ ಎಸೆದ ಚೆಂಡನ್ನು ನಿಮ್ಮವರ ಕೈಗೇ ಕೊಟ್ಟ, ಕಿಕ್ಕರ್ ಒದ್ದು ಅಂಕ ಗಳಿಸುವ ಎರಡು ಫೀಲ್ಡ್ ಗೋಲ್ ತಪ್ಪಿಸಿದ, ಅದೂ ನಿಜ. ಎರಡನೇ ಅರ್ಧದಲ್ಲಿ ನಮಗೆ ಸೊನ್ನೆ.

ಇಷ್ಟು ಬರೆದು ನಿಲ್ಲಿಸಬೇಕಿತ್ತು.

ಮಂಜ, ನನ್ನ ಮಗ ಆದಿ ಈಗ ಹೈಸ್ಕೂಲ್ ತಂಡದಲ್ಲಿ ಲೈನ್‌ನಲ್ಲಿ ಆಡುತ್ತಿದ್ದಾನೆ. ಫುಟ್‌ಬಾಲ್ ಸೇರಿದ್ದು ನಿನಗೆ ಗೊತ್ತು, ಜಾಗ ಯಾವುದು ಅಂತ ನಾನು ಹೇಳಿರಲಿಲ್ಲ. ಈ ವರ್ಷ ಗಾರ್ಡ್ ಆಗಿದ್ದ. ಮುಂದಿನ ವರ್ಷಕ್ಕೆ ಸೆಂಟರ್ ಮಾಡುತ್ತೇನೆ ಅಂದಿದ್ದಾರಂತೆ ಅವನ ಕೋಚ್. ಹಾಗಾಗಿ ಸಂಜೆ ಗ್ಯಾರೇಜಿನಲ್ಲಿ ಅಭ್ಯಾಸ. ಕಾರು ಹೊರಗೆ ನಿಲ್ಲಿಸಿ, ನಾನು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಅವನ ಹಿಂದೆ ಬಾಗಿ ಎರಡು ಅಂಗೈ ಚಾಚಬೇಕು. ಚಳಿಗೆ ಚೆಂಡು ಕಲ್ಲಿನ ಹಾಗೆ ಗಟ್ಟಿ. ಅಂಗೈಗೆ ಪಟ್ ಅಂತ ಬಡಿಯುತ್ತದೆ. ಕೊಡುವ ಮೊದಲು ಅವನು ತಲೆ ಎತ್ತಿ, ಎದುರಿಗೆ ಯಾರೂ ಇಲ್ಲದಿದ್ದರೂ, ಬೆರಳು ತೋರಿಸಿ "ಮೈಕ್ 54! ಮೈಕ್ 54!" ಅಂತ ಕೂಗುತ್ತಾನೆ. ಎದುರಾಳಿಗಳ ನಡುವಿನ ಲೈನ್‌ಬ್ಯಾಕರ್ ಯಾರು ಅಂತ ಸೆಂಟರ್ ಕೂಗಿ ಹೇಳಬೇಕು, ಆಗ ಉಳಿದ ನಾಲ್ವರಿಗೆ ಯಾರು ಯಾರನ್ನು ತಡೆಯಬೇಕು ಅಂತ ತಿಳಿಯುತ್ತದೆ. ಕನ್ನಡ ಕೂಟದ ನಾಟಕದಲ್ಲಿ ಒಂದು ಸಾಲು ಹೇಳಲು ಅಳುತ್ತಿದ್ದ ಹುಡುಗ ಕಣೋ. ಅವನ ಆ ದನಿ ಕೇಳಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ಮೆಕ್‌ಲಾಕ್ಲಿನ್ ಸುದ್ದಿ ಬಂದ ಸಂಜೆಯೂ ಗ್ಯಾರೇಜಿನಲ್ಲಿದ್ದೆವು. ಆದಿ ಬಾಗಿ ನಿಂತಿದ್ದ. ನನ್ನ ಕಣ್ಣು ಅವನ ಹಿಮ್ಮಡಿಯ ಮೇಲೇ ಹೋಯಿತು. ಸಾಕ್ಸ್ ಜಾರಿ ಆ ರಜ್ಜು ಕಾಣುತ್ತಿತ್ತು, ಹಗ್ಗದ ಹಾಗೆ ಬಿಗಿದುಕೊಂಡು. ಚೆಂಡು ಬಂದದ್ದು ಗೊತ್ತಾಗಲಿಲ್ಲ, ಕೆಳಗೆ ಬಿತ್ತು. "ಅಪ್ಪಾ, ಗಮನ ಎಲ್ಲಿದೆ?" ಅಂದ.

ನನಗೆ ಹೆದರಿಕೆ ಆಗಿದೆ ಮಂಜ. ಕಾಲಿನ ವಿಷಯ ಇರಲಿ, ಕಾಲು ರಿಪೇರಿ ಆಗುತ್ತದೆ. ತಲೆ? ಓಟಗಾರನಿಗೆ ದೊಡ್ಡ ಡಿಕ್ಕಿ ಆಗೊಮ್ಮೆ ಈಗೊಮ್ಮೆ. ಲೈನ್‌ನವನಿಗೆ ಪ್ರತಿ ಸಲವೂ, ಚೆಂಡು ಅಲುಗಾಡಿದ ಕೂಡಲೇ, ಚಿಕ್ಕಚಿಕ್ಕ ಡಿಕ್ಕಿ. 2017ರಲ್ಲಿ ಬಾಸ್ಟನ್ ಯೂನಿವರ್ಸಿಟಿಯವರು ಪ್ರಕಟಿಸಿದ್ದನ್ನು ಓದಿದ್ದೇನೆ. ತೀರಿಕೊಂಡ ಎನ್‌ಎಫ್‌ಎಲ್ (ಇಲ್ಲಿನ ವೃತ್ತಿಪರ ಲೀಗ್) ಆಟಗಾರರ 111 ಮಿದುಳು ಪರೀಕ್ಷೆ ಮಾಡಿದರೆ 110ರಲ್ಲಿ ಸಿ.ಟಿ.ಇ. ಅನ್ನುವ, ತಲೆಗೆ ಪದೇ ಪದೇ ಪೆಟ್ಟು ಬಿದ್ದು ಮಿದುಳು ಹಾಳಾಗುವ ಕಾಯಿಲೆ ಸಿಕ್ಕಿತು. ಅನುಮಾನ ಇದ್ದ ಮನೆಯವರೇ ಹೆಚ್ಚಾಗಿ ದಾನ ಕೊಟ್ಟ ಮಿದುಳುಗಳು ಅವು, ಅವರೆಲ್ಲ ವರ್ಷಗಟ್ಟಲೆ ಆಡಿದವರು, ನಮ್ಮ ಹುಡುಗ ಹೈಸ್ಕೂಲು. ಇದೆಲ್ಲ ನನಗೆ ಬಾಯಿಪಾಠ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಇದನ್ನೇ ಹೇಳಿಕೊಳ್ಳುತ್ತೇನೆ.

ಶುಕ್ರವಾರ ರಾತ್ರಿಯ ಪಂದ್ಯಗಳಲ್ಲಿ ನಾನು ಸ್ಕೋರ್ ನೋಡುವುದಿಲ್ಲ. ಹುಡುಗರು ಒಬ್ಬರ ಮೇಲೊಬ್ಬರು ರಾಶಿ ಬೀಳುತ್ತಾರೆ. ಸೀಟಿ ಆಗುತ್ತದೆ. ಒಬ್ಬೊಬ್ಬರೇ ಏಳುತ್ತಾರೆ. ಆದಿಯ ಹೆಲ್ಮೆಟ್ ಮೇಲೆ ಬರುವ ತನಕ ನಾನು ಉಸಿರು ಬಿಡುವುದಿಲ್ಲ. ಪಕ್ಕದಲ್ಲಿ ಸವಿತಾ ಚಪ್ಪಾಳೆ ತಟ್ಟುತ್ತಿರುತ್ತಾಳೆ. ಅವಳಿಗೆ ಇದನ್ನು ಹೇಳಿಲ್ಲ. ಈಗ ಇಲ್ಲೇ ಓದುತ್ತಾಳೆ.

ಹಾಗಂತ ಬಿಡಿಸಲು ಮನಸ್ಸಿಲ್ಲ. ಅವನಿಗೆ ಈ ದೇಶದಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ನಾಲ್ಕು ಜನ ಸಿಕ್ಕಿದ್ದಾರೆ. ಊಟಕ್ಕೆ ಮನೆಗೆ ಬರುತ್ತಾರೆ, ಆ ಐವರು ಬಂದರೆ ಒಂದು ಕುಕ್ಕರ್ ಅನ್ನ ಸಾಲುವುದಿಲ್ಲ. ನನಗೆ ಅವನ ವಯಸ್ಸಿನಲ್ಲಿ ನೀವೆಲ್ಲ ಇದ್ದಿರಿ. ಅದನ್ನು ಅವನಿಂದ ಹೇಗೆ ಕಿತ್ತುಕೊಳ್ಳಲಿ? ನಿನ್ನ ಮಗಳು ಬೈಕ್ ಕಲಿತಾಗ ನೀನು ಹೇಗೆ ನಿದ್ದೆ ಮಾಡಿದೆ ಅಂತ ನಿನ್ನನ್ನು ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಇಲ್ಲಿ ಬೇಡ, ಫೋನ್ ಮಾಡಿ ಹೇಳು.

ಸರಿ, ಸಾಕು. ನಾವು ಉಣ್ಣುತ್ತಿದ್ದ ಹಾಲಪ್ಪನವರ ಮೆಸ್ಸಿನ ನಿಯಮ: ಸಾರು ಮುಗಿದ ಮೇಲೆ ತಟ್ಟೆ ಮುಂದೆ ಕೂರಬಾರದು.

ಈ 21ಕ್ಕೆ ಟೆನ್ನೆಸ್ಸೀ ತಂಡ ಇಲ್ಲಿಗೆ ಬರುತ್ತಿದೆ, ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ನ ಮೊದಲ ಸುತ್ತು, ರಾತ್ರಿ ಎಂಟಕ್ಕೆ. 12 ತಂಡಗಳ ಪ್ಲೇಆಫ್ ಇದೇ ಮೊದಲು, ಹಾಗಾಗಿ ನಿಮ್ಮೆದುರು ಸೋತರೂ ನಮಗೆ ಇನ್ನೊಂದು ಅವಕಾಶ ಸಿಕ್ಕಿದೆ. ನಿಮಗೆ ಆ ಚಿಂತೆ ಇಲ್ಲ, ನೀವು ಪ್ಲೇಆಫ್‌ನಲ್ಲೇ ಇಲ್ಲ. (ಇದನ್ನು ಬರೆಯುವಾಗ ಆದ ಖುಷಿ ಹೇಳತೀರದು.) ಡೆಟ್ರಾಯಿಟ್‌ನಿಂದ ಮೂರೂವರೆ ಗಂಟೆ ದಾರಿ. ಬಾ. ಸವಿತಾ ಅಕ್ಕಿ ರೊಟ್ಟಿ ಮಾಡುತ್ತಾಳೆ, ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೂ ಒಂದು ಬಾಟಲಿ ಇದೆ. ಮಿಶಿಗನ್‌ನ ಹಳದಿ ಜಾಕೆಟ್ ಮಾತ್ರ ಕಾರಿನಲ್ಲೇ ಬಿಟ್ಟು ಬಾ, ಆದಿ ಬಾಗಿಲು ತೆಗೆಯುವುದಿಲ್ಲ. ಅವನ ಸೈಜು ನೋಡಿಲ್ಲ ನೀನು ಇತ್ತೀಚೆಗೆ.

ಪಂದ್ಯ ಶುರುವಾದ ಕೂಡಲೇ ಚೆಂಡನ್ನು ನಡುವಿಗೆ ನುಗ್ಗಿಸುತ್ತಾರೋ ಅಥವಾ ಸ್ಮಿತ್‌ಗೆ ಎಸೆಯುತ್ತಾರೋ, ಪಂಥ ಕಟ್ಟೋಣ. ನಾನು ಎಸೆಯುತ್ತಾರೆ ಅಂತೀನಿ. ಸೋತವನು ಪಾತ್ರೆ ತೊಳೆಯಬೇಕು.

ನಿನ್ನ,
ರಘು