ನಾಲ್ಕು ಹೆಂಗಸರು, ನಾಲ್ಕು ಅಚ್ಚುಗಳು

ಪ್ರೀತಿಯ ತಂಗಿ,

ನಿನ್ನ ಹಾಸ್ಯ ಧಾರಾವಾಹಿಯ ಮೊದಲ ಕಂತು ಓದಿದೆ. ಒಂದೇ ಮನೆಯಲ್ಲಿ ಜಾಣೆ, ಪೆದ್ದಿ, ಗಂಡಸರ ಹಿಂದೆ ಬೀಳುವವಳು, ಎಲುಬಿಲ್ಲದ ನಾಲಿಗೆಯ ಮುದುಕಿ. ಇವು ಸಿದ್ಧ ಅಚ್ಚುಗಳೆಂದು ಸಂಕೋಚಪಡಬೇಡ. ಇಪ್ಪತ್ತೆರಡು ನಿಮಿಷದ ಕಂತಿನಲ್ಲಿ ಯಾರು ಎಂಥವರೆಂದು ನೋಡುವವರಿಗೆ ಬೇಗ ಗೊತ್ತಾಗಬೇಕು, ಅಚ್ಚು ಅದಕ್ಕೆ ಬೇಕು. ಆದರೆ ಇವರು ಹೀಗೇಕಾದರು ಎಂಬುದು ನಿನ್ನ ಹಾಳೆಗಳಲ್ಲಿ ಎಲ್ಲೂ ಇಲ್ಲ.

ಅಮೆರಿಕದ ಟಿವಿ ಹಾಸ್ಯ ಧಾರಾವಾಹಿ ‘ದಿ ಗೋಲ್ಡನ್ ಗರ್ಲ್ಸ್’ (1985–92) ಇದೇ ನಾಲ್ವರನ್ನು ನೆಚ್ಚಿಕೊಂಡು 180 ಕಂತು ನಡೆಯಿತು. ಅದರ ಮುದುಕಿ ಸೋಫಿಯಾಗೆ ಪಾರ್ಶ್ವವಾಯು ಹೊಡೆದು, ಮಾತಿಗೆ ಕಡಿವಾಣ ಹಾಕುವ ಮಿದುಳಿನ ಭಾಗವೇ ಕೆಟ್ಟಿದೆ. ಕಾರಣ ಒಂದೇ ಸಾಲು, ಏಳು ಸೀಸನ್ನಿಗೆ ಸಾಕಾಯಿತು. ಗಂಡಸರ ಹಿಂದೆ ಬೀಳುವ ಬ್ಲಾಂಚ್ ಮನೆಯ ಒಡತಿ, ಉಳಿದವರು ಬಾಡಿಗೆಗೆ ಬಂದವರು. ಜಾಣೆ ಡೊರೊತಿ ಬದಲಿ ಶಿಕ್ಷಕಿ. ನಿನ್ನವರ ಹೊಟ್ಟೆಪಾಡೇನು? ಒಬ್ಬೊಬ್ಬರಿಗೂ ಮೂರು ಸಾಲು ಬರೆದುಕೋ: ದುಡ್ಡು ಎಲ್ಲಿಂದ ಬರುತ್ತದೆ, ಯಾರನ್ನು ಕಳೆದುಕೊಂಡಿದ್ದಾಳೆ, ಯಾವುದಕ್ಕೆ ಹೆದರುತ್ತಾಳೆ.

ಆಮೇಲೆ ಅಚ್ಚನ್ನೇ ಅವಳಿಗೆ ಮುಳುವಾಗಿಸು. 1990ರ ಒಂದು ಕಂತು ನನಗೆ ಬಹಳ ಮುಖ್ಯ. ಹಿಂದೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಕೊಟ್ಟ ರಕ್ತದಿಂದ ಎಚ್‌ಐವಿ ಬಂದಿರಬಹುದೆಂದು ಮುಗ್ಧೆ ರೋಸ್‌ಗೆ ತಿಳಿಯುತ್ತದೆ. ಪರೀಕ್ಷೆಯ ಫಲಿತಾಂಶಕ್ಕೆ 72 ಗಂಟೆ ಕಾಯಬೇಕು. ಭಯ ತಾಳಲಾರದೆ, ಒಳ್ಳೆಯವಳಾದ ನನಗೇಕೆ, ಅಷ್ಟು ಗಂಡಸರ ಜೊತೆ ಮಲಗಿದ ನಿನಗೆ ಬರಬೇಕಿತ್ತಲ್ಲ ಎಂಬ ಅರ್ಥದ ಮಾತು ಬ್ಲಾಂಚ್‌ಗೆ ಆಡಿಬಿಡುತ್ತಾಳೆ. ಇದು ಕೆಟ್ಟವರಿಗೆ ಬರುವ ಕಾಯಿಲೆಯಲ್ಲ ಎಂದು ಬ್ಲಾಂಚ್ ಹೇಳುತ್ತಾಳೆ. ಅಷ್ಟು ವರ್ಷ ನಾವು ನಕ್ಕ ‘ಒಳ್ಳೆಯವಳು’, ‘ಚಪಲದವಳು’ ಎಂಬ ಎರಡೂ ಹಣೆಪಟ್ಟಿಗಳು ಅಲ್ಲಿ ಕಿತ್ತು ಬರುತ್ತವೆ. ಇಂಥದ್ದೊಂದು ದೃಶ್ಯ ನಿನ್ನ ಮೊದಲ ಹತ್ತು ಕಂತಿನೊಳಗೆ ಬರಲಿ.

ಆ ಧಾರಾವಾಹಿಯಲ್ಲೂ ದೋಷವಿದೆ. ಡೊರೊತಿಯ ಎತ್ತರ, ರೂಪದ ಮೇಲಿನ ಕುಹಕ ಮತ್ತೆಮತ್ತೆ ಬರುತ್ತದೆ. ಬರೆಯುವವರಿಗೆ ದಣಿವಾದಾಗ ಸುಲಭಕ್ಕೆ ಸಿಗುವ ನಗು ಅದು. ನಿನ್ನ ಕಂತಿನಲ್ಲಿ ದಪ್ಪ, ಬಣ್ಣ, ವಯಸ್ಸಿನ ಮೇಲೆ ಒಂಬತ್ತು ನಗೆಮಾತು ಎಣಿಸಿದೆ. ಎಲ್ಲ ತೆಗೆ. ಪಾತ್ರ ತಾನೇ ತನ್ನ ಬಗ್ಗೆ ಆಡಿಕೊಂಡಿದ್ದರೆ ಒಂದನ್ನು ಇಟ್ಟುಕೋ.

ಮೂರನೇ ದೃಶ್ಯದಲ್ಲಿ ಹೆಸರುಗಳನ್ನು ಕೈಯಿಂದ ಮುಚ್ಚಿ ಓದು. ಜಾಣೆಯ ಮಾತೂ ಮುದುಕಿಯ ಮಾತೂ ಒಂದೇ ದನಿಯಲ್ಲಿವೆ. ಅದನ್ನು ತಿದ್ದಿ ಕಳಿಸು, ಮುಂದಿನ ಕಂತಿಗೆ ಆಮೇಲೆ ಕೈಹಾಕೋಣ.

ಇಂತಿ,
ನಿನ್ನ ಅಕ್ಕ